ದೂರದಲ್ಲಿದ್ದು ಎಫ್‌ಎ ಕಪ್ ನೋಡುವವರು ಯಾರ್ಯಾರಿದ್ದೀರಿ?

ಸ್ಕೈಬ್ಲೂ ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಪ್ರೀಮಿಯರ್ ಲೀಗ್ ಬಗ್ಗೆ ದಿನಾ ನೂರು ಮಾತು ನಡೆಯುತ್ತದೆ. ಎಫ್‌ಎ ಕಪ್ ವಿಷಯಕ್ಕೆ ಬಂದರೆ ಫೈನಲ್ ದಿನ ಯಾರೋ ಒಬ್ಬರು ಸ್ಕೋರ್ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಇದು ನಿಜಕ್ಕೂ ಬೇಜಾರು. 1871–72ರಲ್ಲಿ ಇಂಗ್ಲೆಂಡ್‌ನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಶುರು ಮಾಡಿದ ನಾಕೌಟ್ ಟೂರ್ನಿ ಇದು. ಒಂದು ದೇಶದ ಕ್ಲಬ್‌ಗಳೆಲ್ಲ ಆಡುವ ಫುಟ್‌ಬಾಲ್ ಟೂರ್ನಿಗಳಲ್ಲಿ ಇದಕ್ಕಿಂತ ಹಳೆಯದು ಜಗತ್ತಿನಲ್ಲೇ ಇಲ್ಲ. ಪ್ರತಿ ವರ್ಷ 700ಕ್ಕೂ ಹೆಚ್ಚು ಕ್ಲಬ್‌ಗಳು ಆಡುತ್ತವೆ. ಆಗಸ್ಟ್ ಮೊದಲಲ್ಲಿ ಯಾವುದೋ ಸಣ್ಣ ಊರಿನ ಮೈದಾನದಲ್ಲಿ ಬೆರಳೆಣಿಕೆ ಜನರ ಮುಂದೆ ಶುರುವಾಗುತ್ತದೆ. ಮೇ ತಿಂಗಳಲ್ಲಿ 90,000 ಜನ ಹಿಡಿಸುವ ವೆಂಬ್ಲಿಯಲ್ಲಿ ಮುಗಿಯುತ್ತದೆ.

ನಾನು ಎಂಎಸ್ಸಿ ಓದಲು ಕೊವೆಂಟ್ರಿಗೆ ಹೋಗಿದ್ದೆ. ಅಲ್ಲಿದ್ದಾಗ ಕೊವೆಂಟ್ರಿ ಸಿಟಿ ನನ್ನ ತಂಡವಾಯಿತು. ಓದು ಮುಗಿಸಿ ಊರಿಗೆ ಬಂದೆ, ತಂಡ ಮಾತ್ರ ಹಾಗೇ ಉಳಿದುಕೊಂಡಿದೆ. ಎರಡನೇ ಡಿವಿಷನ್‌ನಲ್ಲಿದ್ದ ಒಂದು ತಂಡವನ್ನು ಹುಬ್ಬಳ್ಳಿಯಲ್ಲಿ ಕೂತು ವರ್ಷವಿಡೀ ನೋಡುವುದು ಸುಲಭವಾಗಿರಲಿಲ್ಲ. ಪೇಪರಿನಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ. ಜೊತೆಗೆ ಮಾತಾಡಲು ಯಾರೂ ಸಿಗುತ್ತಿರಲಿಲ್ಲ. ಕಪ್ ಬಂದಾಗ ಮಾತ್ರ ನನ್ನ ತಂಡ ನಮ್ಮ ಮನೆ ಟಿವಿಗೇ ಬರುತ್ತಿತ್ತು.

ನನ್ನ ಮಾತು ಇಷ್ಟೇ. ದೂರದಲ್ಲಿರುವವರು ಕಪ್‌ ಅನ್ನು ಫೈನಲ್‌ನಿಂದ ನೋಡಬಾರದು, ಕೊನೇಪಕ್ಷ ಜನವರಿಯ ಮೂರನೇ ಸುತ್ತಿನಿಂದ ನೋಡಬೇಕು. ಆಗ ಇದು ಬೇರೆಯದೇ ಆಟ ಅಂತ ಗೊತ್ತಾಗುತ್ತದೆ. ನೀವು ಯಾವ ಊರಿನಿಂದ ನೋಡುತ್ತೀರಿ, ಯಾವ ತಂಡ, ಅದು ನಿಮ್ಮದಾಗಿದ್ದು ಹೇಗೆ, ಬರೆಯಿರಿ.

ಮಂಗಳೂರು ಮಿಡ್‌ಫೀಲ್ಡ್:

ನಾನು ಮ್ಯಾಂಚೆಸ್ಟರ್ ಯುನೈಟೆಡ್. ಚಿಕ್ಕಂದಿನಿಂದಲೂ. ಒಂದು ವಿಷಯ ನೇರವಾಗಿ ಹೇಳುತ್ತೇನೆ ಸರ್. ಮೂರನೇ ಸುತ್ತು, ನಾಲ್ಕನೇ ಸುತ್ತು ಅಂದರೆ ದೊಡ್ಡ ತಂಡಗಳು ಮುಖ್ಯ ಆಟಗಾರರನ್ನು ಕೂರಿಸಿ ಹುಡುಗರನ್ನು ಕಳಿಸುತ್ತವೆ. ಅವರಿಗೇ ಬೇಡವಾದ ಪಂದ್ಯಕ್ಕೆ ನಾನು ರಾತ್ರಿ 1:15ಕ್ಕೆ ಯಾಕೆ ಎದ್ದು ಕೂರಬೇಕು? ಬೆಳಿಗ್ಗೆ ಕೆಲಸ ಇರುತ್ತದೆ. ಲೀಗ್ ಮತ್ತು ಚಾಂಪಿಯನ್ಸ್ ಲೀಗ್‌ಗೇ ನಿದ್ದೆ ಸಾಲುವುದಿಲ್ಲ.

ಸ್ಕೈಬ್ಲೂ ಹುಬ್ಬಳ್ಳಿ:

ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆದರೆ ನೋಡಿ, ಬಾಗಿಲು ತೆರೆಯುವುದೇ ಅಲ್ಲಿ.

ಮೂರನೇ ಸುತ್ತಿನಲ್ಲಿ 64 ತಂಡಗಳು. ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಎರಡನೇ ಡಿವಿಷನ್ ಆದ ಚಾಂಪಿಯನ್‌ಶಿಪ್‌ನ 44 ತಂಡಗಳು ಅಲ್ಲೇ ಮೊದಲ ಸಲ ಟೂರ್ನಿಗೆ ಕಾಲಿಡುತ್ತವೆ. ಉಳಿದ 20 ತಂಡಗಳು ಕೆಳಗಿನಿಂದ ಗೆದ್ದು ಬಂದವು. ಅವುಗಳಲ್ಲಿ ಕೆಲವು ಆಗಸ್ಟ್‌, ಸೆಪ್ಟೆಂಬರ್‌ನಿಂದ ಆಡುತ್ತಾ ಬಂದಿರುತ್ತವೆ. ಚೀಟಿ ಎತ್ತುವಾಗ ದೊಡ್ಡವರು ಚಿಕ್ಕವರು ಅಂತ ಬೇರೆ ಬೇರೆ ಡಬ್ಬಿ ಇಲ್ಲ. ಒಂದೇ ಡಬ್ಬಿ, 64 ಚೆಂಡು. ಮೊದಲು ಬಂದ ತಂಡಕ್ಕೆ ತವರು ಮೈದಾನ. ಹಾಗಾಗಿ ಮ್ಯಾಂಚೆಸ್ಟರ್ ಸಿಟಿಯೇ ಒಂದು ಸಣ್ಣ ಊರಿನ ಮೈದಾನಕ್ಕೆ ಹೋಗಿ ಆಡಬೇಕಾಗಿ ಬರಬಹುದು.

ಹುಡುಗರನ್ನು ಕಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಫೆಬ್ರವರಿ 9 ಸಾಕು. ಪ್ಲಿಮತ್ ಆರ್ಗೈಲ್ ಚಾಂಪಿಯನ್‌ಶಿಪ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಲಿವರ್‌ಪೂಲ್ ಪ್ರೀಮಿಯರ್ ಲೀಗ್‌ನ ಮೇಲ್ತುದಿಯಲ್ಲಿತ್ತು, ಆ ವರ್ಷ ಲೀಗ್ ಗೆದ್ದಿದ್ದೂ ಅವರೇ. ಲಿವರ್‌ಪೂಲ್ ಬಹುತೇಕ ತಂಡವನ್ನೇ ಬದಲಾಯಿಸಿ ಕಳಿಸಿತು. ರಯಾನ್ ಹಾರ್ಡಿ ಪೆನಾಲ್ಟಿ ಹೊಡೆದ, ಪ್ಲಿಮತ್ 1–0 ಗೆದ್ದಿತು. ಭಾನುವಾರ, ನಮ್ಮ ಸಮಯ ರಾತ್ರಿ 8:30. ಊಟ ಮಾಡುತ್ತಾ ನೋಡುವ ಹೊತ್ತು. ನಿದ್ದೆ ಕೆಡುವ ಪ್ರಶ್ನೆಯೇ ಇರಲಿಲ್ಲ.

ಲೆಸ್ಟರ್ ವಾಸಿ:

ನಮಸ್ಕಾರ, ನಾನು ಇಂಗ್ಲೆಂಡ್‌ನಲ್ಲೇ ಇರುವವನು, ಲೆಸ್ಟರ್‌ನಲ್ಲಿ. ಮೊದಲು ಒಂದು ವಿಷಯ. ನಿಮಗೆ ಅಲ್ಲಿ ಸಿಗುವ ಎಷ್ಟೋ ಪಂದ್ಯಗಳು ನಮಗೆ ಇಲ್ಲಿ ಟಿವಿಯಲ್ಲಿ ಸಿಗುವುದಿಲ್ಲ. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಇಲ್ಲಿ ನೇರಪ್ರಸಾರಕ್ಕೆ ತಡೆ ಇದೆ. 1960ರ ದಶಕದಿಂದ ನಡೆದುಬಂದ ಪದ್ಧತಿ. ಮನೆಯಲ್ಲಿ ದೊಡ್ಡ ಪಂದ್ಯ ಬಂದರೆ ಜನ ತಮ್ಮೂರಿನ ಸಣ್ಣ ಕ್ಲಬ್‌ಗೆ ಹೋಗುವುದನ್ನು ಬಿಡುತ್ತಾರೆ ಅಂತ ಬರ್ನ್‌ಲಿ ಕ್ಲಬ್‌ನ ಅಧ್ಯಕ್ಷರಾಗಿದ್ದ ಬಾಬ್ ಲಾರ್ಡ್ ವಾದಿಸಿದ್ದರು. ಹಾಗಾಗಿ ಶನಿವಾರ ಮೂರು ಗಂಟೆಯ ಪಂದ್ಯ ನನಗೆ ರೇಡಿಯೋದಲ್ಲಿ, ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಮೊಬೈಲಿನಲ್ಲಿ! ಫೋನ್ ಮಾಡಿ ಅವನ ಹತ್ತಿರ ಕೇಳುತ್ತೇನೆ, ಆಫ್‌ಸೈಡ್ ಹೌದಾ ಅಲ್ವಾ ಅಂತ. ನನಗೆ ಆ ನಿಯಮ ಸರಿ ಅನಿಸುತ್ತದೆ. ಇಲ್ಲಿ ಐದನೇ, ಆರನೇ ಡಿವಿಷನ್ ಪಂದ್ಯಗಳಿಗೂ ಜನ ಹೋಗುತ್ತಾರೆ. ಕಪ್ ಬದುಕಿರುವುದೇ ಆ ಕ್ಲಬ್‌ಗಳಿಂದ.

ಇನ್ನು ನಮ್ಮ ಲೆಸ್ಟರ್ ಸಿಟಿ. 1949, 1961, 1963, 1969. ನಾಲ್ಕು ಸಲ ಫೈನಲ್‌ಗೆ ಹೋಗಿ ನಾಲ್ಕೂ ಸಲ ಸೋತ ತಂಡ. 2016ರಲ್ಲಿ ಲೀಗ್ ಗೆದ್ದಾಗಲೂ ಇಲ್ಲಿನ ಹಿರಿಯರಿಗೆ ಕಪ್ ಒಂದು ಬಾಕಿ ಇತ್ತು. 2021ರ ಮೇ 15ರಂದು ಚೆಲ್ಸಿ ವಿರುದ್ಧ ಯೂರಿ ಟೀಲೆಮನ್ಸ್ ದೂರದಿಂದ ಹೊಡೆದ ಗೋಲನ್ನು ನೀವೂ ನೋಡಿರುತ್ತೀರಿ. ಕೋವಿಡ್ ಕಾರಣ ವೆಂಬ್ಲಿಯಲ್ಲಿ ಸುಮಾರು 20 ಸಾವಿರ ಜನ ಮಾತ್ರ. ನಾವು ಮನೆಯಲ್ಲೇ ನೋಡಿದೆವು. ಕೊನೆಯಲ್ಲಿ ಚೆಲ್ಸಿ ಸಮ ಮಾಡಿಕೊಂಡಿತು ಅಂತ ಎಲ್ಲರ ಕೈ ತಲೆ ಮೇಲೆ. ವಿಎಆರ್ (ವಿಡಿಯೋ ರೆಫರಿ) ನೋಡಿ ಆಫ್‌ಸೈಡ್ ಅಂದಾಗ ಪಕ್ಕದ ಮನೆಯ ಗುಜರಾತಿ ಅಂಕಲ್ ಬಾಗಿಲು ತೆಗೆದು ಬೀದಿಗೇ ಬಂದುಬಿಟ್ಟರು. 1969ರ ಸೋಲನ್ನೂ ಈ ಊರಿನಲ್ಲೇ ಇದ್ದು ಕಂಡವರು ಅವರು. ಆ ದಿನ ಅವರು ಅತ್ತಿದ್ದನ್ನು ನಾನು ಮರೆಯುವುದಿಲ್ಲ. ಕ್ಲಬ್ ಮಾಲೀಕರಾಗಿದ್ದ ವಿಚಾಯ್ 2018ರಲ್ಲಿ ಮೈದಾನದ ಹೊರಗೇ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಿದ್ದರು. ಅವರ ಮಗ ಮೈದಾನಕ್ಕೆ ಇಳಿದು ಆಟಗಾರರ ಜೊತೆ ಕಪ್ ಎತ್ತಿದಾಗ ಇಡೀ ಊರಿಗೆ ಅವರ ನೆನಪಾಯಿತು.

ಜೆರ್ಸಿ ಸಿಟಿ ಕನ್ನಡತಿ:

ಲೆಸ್ಟರ್ ಸರ್, ಓದಿ ಕಣ್ಣು ತುಂಬಿತು.

ನನ್ನ ಕಪ್ ಶುರುವಾಗಿದ್ದೂ ಕೋವಿಡ್ ಚಳಿಗಾಲದಲ್ಲೇ. 2021ರ ಜನವರಿ 10. ಲಿವರ್‌ಪೂಲ್ ಪಕ್ಕದ ಕ್ರಾಸ್ಬಿ ಅನ್ನುವ ಜಾಗದ ಮರೀನ್ ಅನ್ನುವ ಎಂಟನೇ ಡಿವಿಷನ್ ತಂಡ. ಎದುರಾಳಿ ಟಾಟನ್‌ಹ್ಯಾಮ್, ಕೋಚ್ ಜೋಸೆ ಮೊರಿನ್ಯೊ. ಕ್ಲಬ್‌ಗೆ ಜೀವಮಾನದ ಅವಕಾಶ, ಆದರೆ ಜನರನ್ನು ಒಳಗೆ ಬಿಡುವ ಹಾಗಿಲ್ಲ. ಟಿಕೆಟ್ ದುಡ್ಡು ಪೂರ್ತಿ ಹೋಯಿತು. ಆಗ ಅವರು 10 ಪೌಂಡ್‌ನ ವರ್ಚುವಲ್ ಟಿಕೆಟ್ ಮಾರಲು ಶುರು ಮಾಡಿದರು. ಆ ಟಿಕೆಟ್‌ನಿಂದ ಪಂದ್ಯ ನೋಡಲು ಸಿಗುವುದಿಲ್ಲ. ಸುಮ್ನೆ ಕ್ಲಬ್‌ಗೆ ನೆರವು. ಅಂಥ ಟಿಕೆಟ್ 30 ಸಾವಿರಕ್ಕೂ ಜಾಸ್ತಿ ಹೋಯಿತು! ಟಾಟನ್‌ಹ್ಯಾಮ್ ಅಭಿಮಾನಿಗಳೇ ಎಷ್ಟೋ ಜನ ಕೊಂಡರು. ನಾನೂ ಇಲ್ಲಿಂದ ಒಂದು ಕೊಂಡೆ. ನಮ್ಮ ಯಜಮಾನರು ಕೇಳಿದರು, ಮ್ಯಾಚ್ ಬರದ ಟಿಕೆಟ್ ಯಾಕೆ ಅಂತ. ಆ ಮೈದಾನಕ್ಕೆ ನನ್ನ ಪಾಲಿನದು ಏನಾದರೂ ಸೇರಲಿ ಅನಿಸಿತ್ತು.

ಪಂದ್ಯ ಇಲ್ಲಿ ಮಧ್ಯಾಹ್ನ 12ಕ್ಕೆ ಬಂತು. ಮೈದಾನದ ಒಂದು ಬದಿಗೆ ಸಾಲು ಮನೆಗಳು. ಹಿತ್ತಿಲ ಬೇಲಿಯ ಹತ್ತಿರ ನಿಂತು, ತೇರು ನೋಡುವ ಹಾಗೆ ಜನ ಪಂದ್ಯ ನೋಡುತ್ತಿದ್ದರು. ಶುರುವಿನಲ್ಲೇ ಮರೀನ್‌ನ ನೀಲ್ ಕೆಂಗ್ನಿ ದೂರದಿಂದ ಹೊಡೆದ ಚೆಂಡು ಗೋಲುಕಂಬದ ಅಡ್ಡಪಟ್ಟಿಗೆ ಬಡಿಯಿತು. ಆ ಒಂದು ಕ್ಷಣ ಎಂಥದೂ ಆಗಬಹುದಿತ್ತು. ಆಮೇಲೆ 5–0 ಸೋತರು, ಇರಲಿ. ಅದಕ್ಕೂ ಮುಂಚೆ ಎರಡನೇ ಸುತ್ತಿನಲ್ಲಿ ಅವರನ್ನು ಗೆಲ್ಲಿಸಿದ ಗೋಲು ಹೊಡೆದವರು ಒಬ್ಬ ಶಾಲೆ ಪಿಟಿ ಮೇಷ್ಟ್ರು. ಅವತ್ತಿನಿಂದ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮರೀನ್ ಏನಾಯಿತು ಅಂತ ನೋಡುತ್ತೇನೆ.

ಮೆಲ್ಬರ್ನ್ ಅಮ್ಮ:

ನಮಗೆ ಜನವರಿಯಲ್ಲಿ ಮೂರು ಗಂಟೆಯ ಪಂದ್ಯ ಅಂದರೆ ರಾತ್ರಿ 2. ಮೂರನೇ ಸುತ್ತು ನಾನು ಬೆಳಿಗ್ಗೆ ಎದ್ದು, ಸ್ಕೋರ್ ಕಣ್ಣಿಗೆ ಬೀಳದ ಹಾಗೆ ಜೋಪಾನ ಮಾಡಿ, ಮುಖ್ಯಾಂಶ ನೋಡುತ್ತೇನೆ. ಅಷ್ಟೇ ಆಗುವುದು.

ಆದರೆ ಮಹಿಳೆಯರ ಎಫ್‌ಎ ಕಪ್‌ಗೆ ಮಾತ್ರ ಮಗಳ ಜೊತೆ ಎದ್ದೇ ಇರುತ್ತೇನೆ. 2021ರ ಡಿಸೆಂಬರ್‌ನಲ್ಲಿ ನಡೆದ ಫೈನಲ್, 2022ರ ಫೈನಲ್, 2023ರ ಫೈನಲ್, ಮೂರರಲ್ಲೂ ಚೆಲ್ಸಿ ಪರ ಗೋಲು ಹೊಡೆದವಳು ಆಸ್ಟ್ರೇಲಿಯಾದ ಸ್ಯಾಮ್ ಕೆರ್. 2023ರಲ್ಲಿ ಯುನೈಟೆಡ್ ವಿರುದ್ಧ ಅವಳದೊಂದೇ ಗೋಲು, ಅದೇ ಗೆಲುವು. ಆವತ್ತು ವೆಂಬ್ಲಿಯಲ್ಲಿ 77,390 ಜನ. 1921ರಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೆ ಮೈದಾನ ಕೊಡಬಾರದು ಅಂತ ಇದೇ ಫುಟ್‌ಬಾಲ್ ಅಸೋಸಿಯೇಷನ್ ತೀರ್ಮಾನ ಮಾಡಿತ್ತು. ಅರ್ಧ ಶತಮಾನ ಆ ನಿಷೇಧ ಇತ್ತು. ಇದನ್ನು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. ಚರ್ಚೆಯಲ್ಲಿ ಇದೂ ಸೇರಲಿ ಅಂತ ಬರೆದೆ.

ಸ್ಕೈಬ್ಲೂ ಹುಬ್ಬಳ್ಳಿ:

ಖಂಡಿತ ಸೇರಲಿ ಅಕ್ಕ.

ಮಂಗಳೂರಿನವರು ಯುನೈಟೆಡ್ ಅಂದರಲ್ಲ, ಈಗ 2024ರ ಏಪ್ರಿಲ್ 21ರ ಬಗ್ಗೆ ಹೇಳಲೇಬೇಕು.

ಆ ವರ್ಷ ಕ್ವಾರ್ಟರ್ ಫೈನಲ್‌ನಲ್ಲಿ ಕೊವೆಂಟ್ರಿ ವುಲ್ವ್ಸ್ ಮೈದಾನದಲ್ಲಿ 90 ನಿಮಿಷ ಮುಗಿದಾಗ 2–1 ಹಿಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಎಲಿಸ್ ಸಿಮ್ಸ್ ಒಂದು, ಹಾಜಿ ರೈಟ್ ಒಂದು. 3–2! ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. ಭಾನುವಾರ ರಾತ್ರಿ 8ಕ್ಕೆ ಪಂದ್ಯ.

ಆ ದಿನ ಮಧ್ಯಾಹ್ನ ಏನಾಯಿತು ನೆನಪಿದೆಯಾ? ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ. ಗುರಿ 223. ಕೊನೆಯ ಓವರಿನಲ್ಲಿ ಕರ್ಣ್ ಶರ್ಮಾ ಸ್ಟಾರ್ಕ್‌ಗೆ ಮೂರು ಸಿಕ್ಸರ್ ಬಾರಿಸಿದ. ಆದರೂ ಒಂದು ರನ್ನಿನಿಂದ ಸೋತೆವು. ಮನೆಯಲ್ಲಿ ಎಲ್ಲರೂ ಸೂತಕದಲ್ಲಿದ್ದ ಹೊತ್ತಿನಲ್ಲಿ ನಾನು ತಿಳಿನೀಲಿ ಜರ್ಸಿ ಹಾಕಿಕೊಂಡು ಚಾನೆಲ್ ಬದಲಾಯಿಸಿದೆ.

ಮೊದಲ ಒಂದು ಗಂಟೆಯಲ್ಲಿ ಯುನೈಟೆಡ್ 3–0 ಮುಂದೆ. ಮ್ಯಾಕ್‌ಟಾಮಿನೇ, ಮ್ಯಾಗ್ವಾಯರ್, ಫರ್ನಾಂಡಿಸ್. ಅಪ್ಪ ಊಟ ಮುಗಿಸಿ, "ಸಾಕು ಮಾಡೋ, ಒಂದೇ ದಿನ ಎಷ್ಟು ಸೋಲ್ತಿ" ಅಂದರು. ಆಮೇಲೆ 71ನೇ ನಿಮಿಷದಲ್ಲಿ ಸಿಮ್ಸ್. 79ರಲ್ಲಿ ಓಹೇರ್ ಹೊಡೆದ ಚೆಂಡು ಎದುರಾಳಿಗೆ ತಗುಲಿ ಒಳಗೆ. ಕೈ ತೊಳೆಯಲು ಹೋಗಿದ್ದ ಅಪ್ಪ ವಾಪಸ್ ಬಂದು ಕೂತರು. 95ನೇ ನಿಮಿಷ, ಪೆನಾಲ್ಟಿ. ಹಾಜಿ ರೈಟ್. 3–3.

ಎಕ್ಸ್‌ಟ್ರಾ ಟೈಮ್‌ನ ಕೊನೆಯ ನಿಮಿಷದಲ್ಲಿ ವಿಕ್ಟರ್ ಟೋರ್ಪ್ ಚೆಂಡನ್ನು ಗೋಲಿಗೆ ಸೇರಿಸಿಬಿಟ್ಟ. 4–3. ಕೊವೆಂಟ್ರಿಯ ಅರ್ಧ ವೆಂಬ್ಲಿ ಎದ್ದು ನಿಂತಿದೆ. ನಾನು ಕುರ್ಚಿ ಬೀಳಿಸಿ ಎದ್ದಿದ್ದೇನೆ. ಅಮ್ಮ ಒಳಗಿನಿಂದ ಓಡಿ ಬಂದಿದ್ದಾಳೆ. ಆಮೇಲೆ ಪರದೆ ಮೇಲೆ ಆಫ್‌ಸೈಡ್ ನೋಡುವ ಗೆರೆಗಳು ಬಂದವು. ಪಾಸ್ ಕೊಟ್ಟ ಹಾಜಿ ರೈಟ್‌ನ ಕಾಲು ಒಂದಿಷ್ಟೇ ಇಷ್ಟು ಮುಂದೆ. ಗೋಲು ಇಲ್ಲ. "ಹೆಬ್ಬೆರಳಿನಷ್ಟಕ್ಕೆ ಗೋಲ್ ಇಲ್ಲ ಅಂದ್ರಾ?" ಅಂತ ಅಪ್ಪ ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಪೆನಾಲ್ಟಿಯಲ್ಲಿ 4–2 ಸೋತೆವು.

ಮಧ್ಯಾಹ್ನ ಒಂದು ರನ್ನು, ರಾತ್ರಿ ಒಂದು ಹೆಬ್ಬೆರಳು. ಆ ರಾತ್ರಿಯಿಂದ ಅಪ್ಪನೂ ಕೊವೆಂಟ್ರಿ. ಶನಿವಾರ ಬಂದರೆ ನನಗಿಂತ ಮುಂಚೆ ಸ್ಕೋರ್ ಕೇಳುವುದು ಅವರೇ.

ಮಂಗಳೂರು ಮಿಡ್‌ಫೀಲ್ಡ್:

ಸರ್, ಆ ಪಂದ್ಯವನ್ನು ನಾನು ಯುನೈಟೆಡ್ ಕಡೆಯಿಂದ ನೋಡಿದವನು. ಗೆದ್ದ ಮೇಲೂ ನಮ್ಮ ಗುಂಪಿನಲ್ಲಿ ಯಾರೂ ಕುಣಿಯಲಿಲ್ಲ. ಆ ಗೋಲು ನಿಮಗೆ ಸೇರಬೇಕಿತ್ತು ಅಂತ ನಾನು ಅವತ್ತೇ ಸ್ನೇಹಿತರಿಗೆ ಹೇಳಿದ್ದೆ. ಆಮೇಲೆ ಫೈನಲ್‌ನಲ್ಲಿ ನಾವು ಮ್ಯಾಂಚೆಸ್ಟರ್ ಸಿಟಿಯನ್ನು 2–1 ಸೋಲಿಸಿ ಕಪ್ ಗೆದ್ದೆವು. ಆದರೂ ಆ ವರ್ಷದ ಕಪ್ ಅಂದರೆ ನನಗೆ ಮೊದಲು ನೆನಪಾಗುವುದು ನಿಮ್ಮ ತಂಡದ ಆ 50 ನಿಮಿಷಗಳೇ.

ದುಬೈ ಡೆಸ್ಕ್:

ಇಲ್ಲಿ ನಮಗೆ ಚೆನ್ನಾಗಿದೆ. ಜನವರಿಯಲ್ಲಿ ಇಂಗ್ಲೆಂಡ್‌ಗಿಂತ ನಾಲ್ಕು ಗಂಟೆ ಮುಂದೆ. ಮೂರು ಗಂಟೆಯ ಪಂದ್ಯ ಸಂಜೆ 7ಕ್ಕೆ. ನಮ್ಮ ಆಫೀಸಿನಲ್ಲಿ ಎಕ್ಸೆಟರ್ ಕಡೆಯವರೊಬ್ಬರಿದ್ದಾರೆ. ಇಪ್ಪತ್ತು ವರ್ಷದಿಂದ ಗಲ್ಫ್‌ನಲ್ಲಿದ್ದರೂ ತಮ್ಮ ಕ್ಲಬ್‌ನ ಸಪೋರ್ಟರ್ಸ್ ಟ್ರಸ್ಟ್‌ಗೆ ವಂತಿಗೆ ಕಟ್ಟುತ್ತಾರೆ. ಎಕ್ಸೆಟರ್ ಸಿಟಿಯ ಮಾಲೀಕರೇ ಅಭಿಮಾನಿಗಳು. ಅವರಿಂದ ಕೇಳಿದ್ದನ್ನು ಹೇಳುತ್ತೇನೆ, ಯಾಕೆಂದರೆ ಇಲ್ಲಿ ಇನ್ನೂ ಯಾರೂ ರೀಪ್ಲೇ, ಅಂದರೆ ಡ್ರಾ ಆದ ಪಂದ್ಯವನ್ನು ಇನ್ನೊಂದು ದಿನ ಮತ್ತೆ ಆಡುವುದರ ಬಗ್ಗೆ ಎತ್ತಲಿಲ್ಲ.

2005ರ ಜನವರಿ. ಎಕ್ಸೆಟರ್ ಐದನೇ ಡಿವಿಷನ್‌ನಲ್ಲಿತ್ತು, ಸಾಲದಲ್ಲಿ ಮುಳುಗಿತ್ತು. ಮೂರನೇ ಸುತ್ತಿನಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಯುನೈಟೆಡ್ ಜೊತೆ 0–0 ಮಾಡಿಕೊಂಡು ಬಂತು. 67 ಸಾವಿರ ಜನ. ಕಪ್‌ನಲ್ಲಿ ಟಿಕೆಟ್ ದುಡ್ಡಿನಲ್ಲಿ ಎರಡೂ ಕ್ಲಬ್‌ಗಳಿಗೆ ಸಮಪಾಲು. ಡ್ರಾ ಆಗಿದ್ದರಿಂದ ಎಕ್ಸೆಟರ್‌ನಲ್ಲಿ ಮತ್ತೊಂದು ಪಂದ್ಯ, ಅದಕ್ಕೆ ಟಿವಿ ದುಡ್ಡು. ರೊನಾಲ್ಡೊ, ರೂನಿ ಗೋಲು ಹೊಡೆದು ಎಕ್ಸೆಟರ್ ಸೋತಿತು. ಆದರೆ ಕ್ಲಬ್ ಬದುಕಿತು. ಆ ಎರಡು ಪಂದ್ಯದ ಹಣ ಸಾಲಕ್ಕೆ ಹೋಯಿತು.

2024–25ರಿಂದ ಮೊದಲ ಸುತ್ತಿನಿಂದಲೇ ರೀಪ್ಲೇ ತೆಗೆದಿದ್ದಾರೆ. ಡ್ರಾ ಆದರೆ ಅದೇ ದಿನ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ. ಚಾಂಪಿಯನ್ಸ್ ಲೀಗ್ ಪಂದ್ಯಗಳು ಹೆಚ್ಚಾದವು, ದಿನ ಸಾಲುವುದಿಲ್ಲ ಅನ್ನುವುದು ಕಾರಣ. ಎಫ್‌ಎ ಮತ್ತು ಪ್ರೀಮಿಯರ್ ಲೀಗ್ ಮಾತಾಡಿಕೊಂಡು ತೀರ್ಮಾನಿಸಿದವು. ಕೆಳಗಿನ ಕ್ಲಬ್‌ಗಳು ನಮ್ಮನ್ನು ಕೇಳಲೇ ಇಲ್ಲ ಅಂದವು. ಯುರೋಪಿಗೆ ಹೋಗುವುದು ಬೆರಳೆಣಿಕೆಯ ತಂಡಗಳು. ಅವರ ದಿನ ಉಳಿಸಲು ಉಳಿದ 700 ಕ್ಲಬ್‌ಗಳ ಅದೃಷ್ಟ ಕಿತ್ತುಕೊಂಡರು. ಇದು ಅನ್ಯಾಯ.

ಲೆಸ್ಟರ್ ವಾಸಿ:

ಪೂರ್ತಿ ಒಪ್ಪುತ್ತೇನೆ. ಮೊದಲ ವರ್ಷವೇ ಅದರ ಏಟು ಬಿತ್ತು. 2025ರ ಜನವರಿ 12, ಟ್ಯಾಮ್‌ವರ್ತ್ ವಿರುದ್ಧ ಟಾಟನ್‌ಹ್ಯಾಮ್. ಟ್ಯಾಮ್‌ವರ್ತ್ ನಮ್ಮ ಮನೆಯಿಂದ ದೂರವೇನಲ್ಲ. ಐದನೇ ಡಿವಿಷನ್ ತಂಡ. ಸುಮಾರು 4 ಸಾವಿರ ಜನ ಹಿಡಿಸುವ ಮೈದಾನ, ಕೃತಕ ಹುಲ್ಲು. ಪಂದ್ಯ ಶುರುವಾಗುವ ಮುಂಚೆ ಗೋಲಿನ ಬಲೆಯಲ್ಲಿ ತೂತು ಕಂಡು ಅದನ್ನು ಕಟ್ಟಿ ಸರಿ ಮಾಡಬೇಕಾಯಿತು. ಗೋಲ್‌ಕೀಪರ್ ಜಸ್ ಸಿಂಗ್. ಹೌದು, ನಮ್ಮ ಪಂಜಾಬಿ ಮೂಲದವರು, ವಾರವೆಲ್ಲ ಕಟ್ಟಡಗಳ ಸರ್ವೇ ಕೆಲಸ. 90 ನಿಮಿಷ ಟಾಟನ್‌ಹ್ಯಾಮ್‌ಗೆ ಒಂದು ಗೋಲೂ ಬಿಡಲಿಲ್ಲ. 0–0. ಹಿಂದಿನ ನಿಯಮ ಇದ್ದಿದ್ದರೆ ಟ್ಯಾಮ್‌ವರ್ತ್ 60 ಸಾವಿರ ಮೀರಿದ ಟಾಟನ್‌ಹ್ಯಾಮ್ ಸ್ಟೇಡಿಯಂಗೆ ಹೋಗಿ ಮತ್ತೆ ಆಡುತ್ತಿತ್ತು. ಟಿಕೆಟ್ ದುಡ್ಡಿನಲ್ಲಿ ಅವರಿಗೂ ಸಮಪಾಲು. ಬದಲಿಗೆ ದಣಿದ ಕಾಲಲ್ಲಿ ಇನ್ನೂ ಅರ್ಧ ಗಂಟೆ ಆಡಿದರು, 3–0 ಸೋತರು.

ಜೆರ್ಸಿ ಸಿಟಿ ಕನ್ನಡತಿ:

ನಾನು ಇದರಲ್ಲಿ ಸ್ವಲ್ಪ ಬೇರೆ ಹೇಳಬೇಕು. ಆ ಸರ್ವೇ ಕೆಲಸದವರು, ಪಿಟಿ ಮೇಷ್ಟ್ರು, ಅವರಿಗೆ ಮಂಗಳವಾರ ರಾತ್ರಿ ಮತ್ತೊಂದು ಪಂದ್ಯ ಅಂದರೆ ಕೆಲಸಕ್ಕೆ ರಜಾ ಹಾಕಬೇಕು, ನೂರಾರು ಕಿಲೋಮೀಟರ್ ಬಸ್. ಎಲ್ಲ ರೀಪ್ಲೇಯೂ ಓಲ್ಡ್ ಟ್ರಾಫರ್ಡ್ ಆಗಿರುವುದಿಲ್ಲ. ಬಹಳಷ್ಟು ರೀಪ್ಲೇ ಎರಡು ಸಣ್ಣ ಕ್ಲಬ್‌ಗಳ ನಡುವೆ, ಚಳಿಯಲ್ಲಿ, ಅರ್ಧ ಖಾಲಿ ಮೈದಾನದಲ್ಲಿ ನಡೆಯುತ್ತಿದ್ದವು. ದೂರದಿಂದ ನೋಡುವ ನಮಗೂ ವಾರದ ನಡುವಿನ ಪಂದ್ಯ ಸಿಗುತ್ತಿದ್ದುದು ಕಡಿಮೆ. ಅದೇ ದಿನ ತೀರ್ಮಾನ ಆದರೆ ಸಣ್ಣ ತಂಡಕ್ಕೆ ಪೆನಾಲ್ಟಿಯಲ್ಲಿ ಗೆಲ್ಲುವ ಅವಕಾಶವೂ ಇದೆ ಅಲ್ವಾ? ದೊಡ್ಡ ಮೈದಾನಕ್ಕೆ ಹೋಗಿ ರೀಪ್ಲೇ ಆಡಿದಾಗ ಹೆಚ್ಚಾಗಿ ಸೋಲುತ್ತಿದ್ದರು.

ದುಬೈ ಡೆಸ್ಕ್:

ಸೋಲುತ್ತಿದ್ದರು ಮೇಡಂ, ನಿಜ. ಆದರೆ ಆ ಸೋಲಿನ ದುಡ್ಡಿನಲ್ಲಿ ಕ್ಲಬ್‌ನ ದೀಪ, ಮೈದಾನ, ಮಕ್ಕಳ ತಂಡ ಎಲ್ಲ ನಡೆಯುತ್ತಿತ್ತು. ಮೂರನೇ ಸುತ್ತಿನಲ್ಲಾದರೂ ಉಳಿಸಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ರಜೆಯ ಮಾತು ಮಾತ್ರ ನನಗೆ ಹೊಳೆದಿರಲಿಲ್ಲ. ಎಕ್ಸೆಟರ್‌ನವರ ಹತ್ತಿರ ಕೇಳುತ್ತೇನೆ.

ಸ್ಕೈಬ್ಲೂ ಹುಬ್ಬಳ್ಳಿ:

ರೀಪ್ಲೇ ವಿಷಯದಲ್ಲಿ ನಾನು ದುಬೈನವರ ಕಡೆ. ಮೇಡಂ ಹೇಳಿದ, ಒಂದೇ ದಿನದಲ್ಲಿ ತೀರ್ಮಾನ ಆಗುವ ಪಂದ್ಯ ಹೇಗಿರುತ್ತದೆ ಅನ್ನುವುದಕ್ಕೆ ಮೇಡ್‌ಸ್ಟೋನ್ ಯುನೈಟೆಡ್ ನೋಡಿ. 2024ರ ಜನವರಿಯಲ್ಲಿ ಆರನೇ ಡಿವಿಷನ್‌ನ ಈ ತಂಡ ಇಪ್ಸ್‌ವಿಚ್ ಊರಿಗೇ ಹೋಯಿತು. ಆ ವರ್ಷವೇ ಪ್ರೀಮಿಯರ್ ಲೀಗ್‌ಗೆ ಏರಿದ ಇಪ್ಸ್‌ವಿಚ್. 38 ಸಲ ಗೋಲಿಗೆ ಹೊಡೆದರು. ಮೇಡ್‌ಸ್ಟೋನ್ ಹೊಡೆದದ್ದು ಎರಡು ಸಲ. ಎರಡೂ ಗೋಲು. 2–1! ಮುಂದಿನ ಸುತ್ತಿನಲ್ಲಿ ಅವರನ್ನು 5–0 ಸೋಲಿಸಿ ಹೊರಗೆ ಹಾಕಿದ್ದು ನಮ್ಮ ಕೊವೆಂಟ್ರಿ. ಗೆದ್ದ ಖುಷಿ ಇತ್ತು, ಮೇಡ್‌ಸ್ಟೋನ್ ಬಗ್ಗೆ ಪ್ರೀತಿಯೂ ಇತ್ತು.

ಕೊವೆಂಟ್ರಿಗೂ ಆ ಪಾಠ ಗೊತ್ತು. 1987ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ 3–2 ಗೆದ್ದು ಕಪ್ ಎತ್ತಿದವರು ನಾವು. ಕೀತ್ ಹೌಚೆನ್ ಹಾರಿ ಹೊಡೆದ ಹೆಡರ್ ಇಂದಿಗೂ ಅಲ್ಲಿನ ಪಬ್ ಗೋಡೆಗಳ ಮೇಲಿದೆ. ಗೆಲುವಿನ ಗೋಲು ಬಂದದ್ದು ಎದುರಾಳಿ ಗ್ಯಾರಿ ಮ್ಯಾಬಟ್ ಮೊಣಕಾಲಿಗೆ ತಗುಲಿ. ಅಭಿಮಾನಿಗಳು ತಮ್ಮ ಪತ್ರಿಕೆಗೆ ಆ ಮೊಣಕಾಲಿನ ಹೆಸರನ್ನೇ ಇಟ್ಟರು. ಎರಡು ವರ್ಷ ಆದ ಮೇಲೆ, 1989ರ ಜನವರಿಯಲ್ಲಿ, ಮೇಲಿನ ನಾಲ್ಕು ಡಿವಿಷನ್‌ಗಳಲ್ಲೇ ಇಲ್ಲದ ಸಟನ್ ಯುನೈಟೆಡ್ ಅದೇ ಕೊವೆಂಟ್ರಿಯನ್ನು 2–1 ಸೋಲಿಸಿತು. ನಾನು ಅಲ್ಲಿದ್ದಾಗ ಮನೆ ಮಾಲೀಕರು ಮೊದಲನೆಯದನ್ನು ಹೇಳಿದ ಪ್ರತಿ ಸಲ ಎರಡನೆಯದನ್ನೂ ಹೇಳುತ್ತಿದ್ದರು.

ಆಸ್ಟಿನ್‌ಟೌನ್ ಹುಡುಗ:

ಬೆಂಗಳೂರಿನಿಂದ ನಾನು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಈ ಕಡೆ ಕ್ರಿಕೆಟ್‌ಗಿಂತ ಫುಟ್‌ಬಾಲ್ ಮೊದಲು. ನಾಕೌಟ್ ಕಪ್ ಅಂದರೆ ಏನು ಅಂತ ನಮಗೆ ಹೊಸದಾಗಿ ಹೇಳಬೇಕಿಲ್ಲ. ಏಷ್ಯಾದಲ್ಲೇ ಹಳೆಯದಾದ ಡುರಾಂಡ್ ಕಪ್ 1888ರಿಂದ ನಮ್ಮ ದೇಶದಲ್ಲಿದೆ, 2022ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಅದನ್ನು ಗೆದ್ದಿತ್ತು.

2025ರ ಫೈನಲ್ ದಿನ, ಮೇ 17, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಪಂದ್ಯ. ಮಳೆ ಅಂದರೆ ಅಂಥ ಮಳೆ. ಕೊಹ್ಲಿ ಟೆಸ್ಟ್ ಬಿಟ್ಟಿದ್ದಕ್ಕೆ ಬಿಳಿ ಜರ್ಸಿ ಹಾಕಿಕೊಂಡು ಬಂದಿದ್ದ ಜನ ನೆನೆದು ಕೂತಿದ್ದರು. ನಾವು ಮನೆಯಲ್ಲಿ ಕಾಯುತ್ತಾ ಒಂಬತ್ತಕ್ಕೆ ಚಾನೆಲ್ ಬದಲಾಯಿಸಿದೆವು. ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಮ್ಯಾಂಚೆಸ್ಟರ್ ಸಿಟಿ. 16ನೇ ನಿಮಿಷದಲ್ಲಿ ಎಬೆರೆಚಿ ಎಜೆ ಗೋಲು. ಆಮೇಲೆ ಓಮರ್ ಮರ್ಮೂಶ್ ಪೆನಾಲ್ಟಿಯನ್ನು ಗೋಲ್‌ಕೀಪರ್ ಡೀನ್ ಹೆಂಡರ್ಸನ್ ತಡೆದ. ಅಷ್ಟರಲ್ಲಿ ಚಿನ್ನಸ್ವಾಮಿ ಪಂದ್ಯ ಒಂದು ಚೆಂಡೂ ಇಲ್ಲದೆ ರದ್ದಾಯಿತು. ನಮಗೆ ಗೊತ್ತೇ ಆಗಲಿಲ್ಲ. ಪ್ಯಾಲೆಸ್‌ಗೆ ಅದು ಮೊದಲ ದೊಡ್ಡ ಕಪ್. 1990ರಲ್ಲಿ ಸೋತಿದ್ದರು, 2016ರಲ್ಲಿ ಸೋತಿದ್ದರು. ಸ್ಟೇಡಿಯಂನಲ್ಲಿ ಅಪ್ಪಂದಿರು ದೊಡ್ಡ ಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದುದನ್ನು ಕ್ಯಾಮೆರಾ ತೋರಿಸುತ್ತಲೇ ಇತ್ತು. ನಮ್ಮ ಬೀದಿಯ ಹುಡುಗರು ಯಾರೂ ಪ್ಯಾಲೆಸ್ ಅಭಿಮಾನಿಗಳಲ್ಲ. ಆದರೂ ಕೊನೆಯ ಹತ್ತು ನಿಮಿಷ ಯಾರೂ ಕೂರಲಿಲ್ಲ.

ಮೆಲ್ಬರ್ನ್ ಅಮ್ಮ:

ನ್ಯೂಕಾಸಲ್‌ನದೂ ಹಾಗೇ ಆಯಿತಲ್ಲ ಅದೇ ವರ್ಷ. ಲೀಗ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ 2–1. 1955ರ ಎಫ್‌ಎ ಕಪ್ ಆದ ಮೇಲೆ ಇಂಗ್ಲೆಂಡ್‌ನೊಳಗೆ ಅವರಿಗೆ ಮೊದಲ ದೊಡ್ಡ ಕಪ್. 70 ವರ್ಷ!

ಹೊಸಬ ದಾವಣಗೆರೆ:

ಎಲ್ಲಾ ಓದಿದೆ. ನಾನು ವರ್ಲ್ಡ್ ಕಪ್ ಬಿಟ್ಟು ಬೇರೆ ಫುಟ್‌ಬಾಲ್ ಅಷ್ಟಾಗಿ ನೋಡಿಲ್ಲ. ಈ ಕಪ್‌ ಅನ್ನು ಮೊದಲಿನಿಂದ ನೋಡಬೇಕು ಅನಿಸಿದೆ. ಎಲ್ಲಿ ನೋಡೋದು, ಯಾವ ತಂಡ ಹಿಡಿಯೋದು, ಸ್ವಲ್ಪ ಹೇಳಿ.

ಸ್ಕೈಬ್ಲೂ ಹುಬ್ಬಳ್ಳಿ:

ಬಹಳ ಖುಷಿಯಾಯಿತು ರೀ.

ಮೊದಲ ಸುತ್ತು ನವೆಂಬರ್ ಶುರುವಿನಲ್ಲಿ, ಎರಡನೆಯದು ಡಿಸೆಂಬರ್ ಆಸುಪಾಸು, ಮೂರನೆಯದು ಜನವರಿಯಲ್ಲಿ. ಅಕ್ಟೋಬರ್ ಕೊನೆಯ ಭಾನುವಾರ ಇಂಗ್ಲೆಂಡ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿಂದ ಮಾರ್ಚ್ ಕೊನೆಯವರೆಗೆ ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ, ಆಮೇಲೆ ನಾಲ್ಕೂವರೆ. ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲವಾದರೆ ಮೊದಲಾರ್ಧ ಮುಗಿದ ಮೇಲೆ ಟಿವಿ ಹಾಕುತ್ತೀರಿ. 2024–25ರ ಸೀಸನ್ ನಮ್ಮಲ್ಲಿ ಸೋನಿ ಸ್ಪೋರ್ಟ್ಸ್, ಸೋನಿ ಲಿವ್‌ನಲ್ಲಿ ಬಂತು. ಪ್ರಸಾರದ ಹಕ್ಕು ಕೈ ಬದಲಾಗುತ್ತಿರುತ್ತದೆ, ಹಾಗಾಗಿ ದುಡ್ಡು ಕಟ್ಟುವ ಮುಂಚೆ ಆ ವರ್ಷ ಯಾರ ಹತ್ತಿರ ಇದೆ ಅಂತ ನೋಡಿ. ಎಲ್ಲಾ ಪಂದ್ಯ ಬರುವುದಿಲ್ಲ. ಕೆಳಗಿನ ಸುತ್ತುಗಳ ಮುಖ್ಯಾಂಶಗಳನ್ನು ಎಫ್‌ಎ ಕಪ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕುತ್ತಾರೆ.

ಇನ್ನೊಂದು ವಿಷಯ. ಕೆಳಗಿನ ಡಿವಿಷನ್ ಕ್ಲಬ್‌ಗಳು ವಿದೇಶದಲ್ಲಿರುವವರಿಗೆ ವಿಡಿಯೋ ಪಾಸ್ ಮಾರುತ್ತವೆ. ಅದು ಲೀಗ್ ಪಂದ್ಯಕ್ಕೆ ಸರಿ. ಕಪ್ ಪಂದ್ಯದ ಹಕ್ಕು ಎಫ್‌ಎ ಹತ್ತಿರ ಇರುವುದರಿಂದ ಸಾಮಾನ್ಯವಾಗಿ ಅದರಲ್ಲಿ ಕಪ್ ಬರುವುದಿಲ್ಲ. ಬರೀ ಧ್ವನಿ ಕೇಳಿಸುವ ಪಾಸ್ ಇದ್ದರೆ ಅದನ್ನೇ ತಗೊಳ್ಳಿ. ಆ ಊರಿನ ವೀಕ್ಷಕ ವಿವರಣೆಕಾರರು ಗೋಲಾದಾಗ ಕೂಗುವುದನ್ನು ಕೇಳಿದರೆ ಚಿತ್ರ ಬೇಕು ಅನಿಸುವುದಿಲ್ಲ.

ತಂಡ ಹೇಗೆ ಹಿಡಿಯೋದು? ನಿಮಗೆ ಸಂಬಂಧ ಇರುವ ಊರು ಯಾವುದಾದರೂ ಇದೆಯಾ? ನೆಂಟರು, ಸ್ನೇಹಿತರು, ಯಾರಾದರೂ ಅಲ್ಲಿದ್ದಾರಾ?

ಹೊಸಬ ದಾವಣಗೆರೆ:

ನಮ್ಮಕ್ಕ ಹಲ್ ಅನ್ನೋ ಊರಿನಲ್ಲಿ ನರ್ಸ್. ಅಲ್ಲಿ ಟೀಮ್ ಇದೆಯಾ?

ಲೆಸ್ಟರ್ ವಾಸಿ:

ಇದೆಯಾ ಅಂತ ಕೇಳಿದಿರಾ! ಹಲ್ ಸಿಟಿ. 2014ರಲ್ಲಿ ಮೊದಲ ಸಲ ಎಫ್‌ಎ ಕಪ್ ಫೈನಲ್‌ಗೆ ಬಂದು, ಎಂಟು ನಿಮಿಷದೊಳಗೆ ಆರ್ಸೆನಲ್ ಮೇಲೆ 2–0 ಮುಂದಿದ್ದ ತಂಡ. ಕೊನೆಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಆರನ್ ರ‍್ಯಾಮ್ಸೆ ಗೋಲಿನಿಂದ 3–2 ಸೋತರು. ಆ ಪಂದ್ಯದ ಮುಖ್ಯಾಂಶ ಇವತ್ತೇ ನೋಡಿ. 2025ರಲ್ಲಿ ಚಾಂಪಿಯನ್‌ಶಿಪ್‌ನಲ್ಲಿದ್ದರು, ಅಂಥ ತಂಡಗಳು ಮೂರನೇ ಸುತ್ತಿನಲ್ಲಿ ಬರುತ್ತವೆ. ಅಕ್ಕನಿಗೆ ಹೇಳಿ, ಕಪ್ ಪಂದ್ಯದ ಟಿಕೆಟ್ ಲೀಗ್‌ಗಿಂತ ಎಷ್ಟೋ ಸಲ ಅಗ್ಗ. ಬೇರೆ ಊರಿನಲ್ಲಿ ಪಂದ್ಯ ಬಿದ್ದರೂ ಕಪ್‌ನಲ್ಲಿ ಹೊರಗಿನ ತಂಡದ ಅಭಿಮಾನಿಗಳಿಗೆ ನೂರಕ್ಕೆ ಹದಿನೈದರವರೆಗೆ ಸೀಟು ಸಿಗುತ್ತದೆ.

ಹೊಸಬ ದಾವಣಗೆರೆ:

ಅಕ್ಕನಿಗೆ ಫೋನ್ ಮಾಡಿದೆ. ಡ್ಯೂಟಿಗೆ ಹೋಗುವಾಗ ದಿನಾ ಬಸ್ಸಿನಿಂದ ಆ ಸ್ಟೇಡಿಯಂ ಕಾಣುತ್ತದಂತೆ, ಒಳಗೆ ಹೋಗಿಲ್ಲ. ಚೀಟಿ ಎತ್ತಿದ ಮೇಲೆ ರಜಾ ನೋಡಿಕೊಂಡು ಹೋಗುತ್ತೇನೆ, ವಿಡಿಯೋ ಕಾಲ್ ಮಾಡುತ್ತೇನೆ ಅಂದಳು. ಒಂದೇ ಅನುಮಾನ ಸರ್. ಹಲ್‌ಗೆ ಕೊವೆಂಟ್ರಿಯೇ ಎದುರು ಬಂದರೆ?

ಸ್ಕೈಬ್ಲೂ ಹುಬ್ಬಳ್ಳಿ:

ಬಂದರೆ ನೀವು ದಾವಣಗೆರೆಯಿಂದ ಹುಬ್ಬಳ್ಳಿಗೆ ಬನ್ನಿ, ಅಪ್ಪನ ಜೊತೆ ಕೂತು ನೋಡೋಣ. ಊಟ ನಮ್ಮ ಮನೆಯಲ್ಲೇ. ಗೆಲ್ಲಬೇಕಾದ್ದು ಮಾತ್ರ ಕೊವೆಂಟ್ರಿ.